ಹಳೇ ಪ್ರಾಣಿ ಚಿತ್ರಗಳು ಯಾಕೆ ಅಷ್ಟು ವಿಚಿತ್ರ?

ಹಳೇ ಪುಸ್ತಕಗಳಲ್ಲಿ ಘೇಂಡಾಮೃಗಕ್ಕೆ ಕಬ್ಬಿಣದ ಕವಚ ಇರುತ್ತೆ, ಡೈನೊಸಾರ್ ಮೂಗಿನ ಮೇಲೆ ಕೊಂಬು ಇರುತ್ತೆ, ಆಗಿನವರಿಗೆ ಚಿತ್ರ ಬಿಡಿಸೋಕೆ ಬರ್ತಿರಲಿಲ್ವಾ ಅಂತ ಕೇಳಿದ್ದೀರಿ.

ಬರ್ತಿತ್ತು, ನಮಗಿಂತ ಚೆನ್ನಾಗಿಯೇ ಬರ್ತಿತ್ತು. ನಾನು ಧಾರವಾಡದ ಶಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರ. ಇಂಥ ಚಿತ್ರ ಸಿಕ್ಕಾಗ ನಾನು ಕೇಳಿಕೊಳ್ಳೋದು ಒಂದೇ: ಬಿಡಿಸುವಾಗ ಇವನ ಕಣ್ಣ ಮುಂದೆ ಏನಿತ್ತು? ಜೀವಂತ ಪ್ರಾಣಿಯಾ, ಒಣಗಿದ ಚರ್ಮವಾ, ಎರಡು ಮೂಳೆಯಾ, ಇಲ್ಲಾ ಬರೀ ಒಂದು ಕಾಗದವಾ?

ನೀವು ಹೇಳಿದ ಘೇಂಡಾಮೃಗ ಆಲ್ಬ್ರೆಕ್ಟ್ ಡ್ಯೂರರ್‌ದು ಇರಬೇಕು, 1515ರದ್ದು. ಆ ಪ್ರಾಣಿ ಗುಜರಾತಿನ ಸುಲ್ತಾನ ಪೋರ್ಚುಗೀಸರಿಗೆ ಕೊಟ್ಟ ಉಡುಗೊರೆ. ನಮ್ಮ ಪಕ್ಕದ ಗೋವಾದಿಂದಲೇ ಹಡಗು ಹತ್ತಿ ಲಿಸ್ಬನ್‌ಗೆ ಹೋಯಿತು. ಡ್ಯೂರರ್ ಇದ್ದದ್ದು ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ. ಅವನು ಅದನ್ನು ನೋಡಲೇ ಇಲ್ಲ. ಯಾರೋ ಬರೆದ ಕಾಗದ, ಜೊತೆಗೊಂದು ಕಚ್ಚಾ ಚಿತ್ರ, ಅಷ್ಟರ ಮೇಲೆ ಮರದ ಅಚ್ಚು ಮಾಡಿಸಿದ.

ಅದನ್ನು ದೊಡ್ಡದು ಮಾಡಿ ನೋಡಿ. ಮೈಮೇಲೆ ತಗಡಿನ ಹಾಗೆ ಪದರಗಳು, ಅಂಚಿನಲ್ಲಿ ಮೊಳೆ ಹೊಡೆದಂಥ ಸಾಲು. ಕಾಲ ತುಂಬ ಹುರುಪೆ. ಹೆಗಲ ಮೇಲೆ ತಿರುಚಿದ ಪುಟ್ಟದೊಂದು ಕೊಂಬು ಬೇರೆ! ಆ ಕೊಂಬು ಸುಳ್ಳು, ಆದರೆ ಪದರ ಪೂರ್ತಿ ಸುಳ್ಳಲ್ಲ. ನಮ್ಮ ದೇಶದ ಘೇಂಡಾಮೃಗದ ಚರ್ಮ ನಿಜವಾಗಿಯೂ ದಪ್ಪ ಮಡಿಕೆ ಮಡಿಕೆಯಾಗಿ ಇರುತ್ತೆ, ಮೇಲೆ ಗಂಟುಗಳೂ ಇರುತ್ತವೆ. ಮಾತಿನಲ್ಲಿ ಕೇಳಿದ ಮಡಿಕೆ ಅವನ ಕೈಯಲ್ಲಿ ಸೈನಿಕನ ಕವಚ ಆಯಿತು, ಅಷ್ಟೇ. ಮುಂದೆ ಇನ್ನೂರು ವರ್ಷ ಎಲ್ಲರೂ ಅದನ್ನೇ ನಕಲು ಮಾಡಿದರು. 1741ರಲ್ಲಿ ಕ್ಲಾರಾ ಅನ್ನೋ ಹೆಣ್ಣು ಘೇಂಡಾಮೃಗ ಯುರೋಪಿಗೆ ಹೋಗಿ ಊರೂರು ಸುತ್ತಿದ ಮೇಲೆಯೇ ಆ ಹೆಗಲ ಕೊಂಬು ಮೆಲ್ಲಗೆ ಮಾಯವಾಗಿದ್ದು.

ನಗಬೇಡಿ. ನಮ್ಮ ಮಕ್ಕಳಿಗೆ ಚಿಗರಿ, ಅಂದರೆ ಕೃಷ್ಣಮೃಗ, ಬಿಡಿಸಿ ಅಂದರೆ ಕೆಲವರು ಬಸ್ಸು ಬಿಡಿಸ್ತಾರೆ, ಹುಬ್ಬಳ್ಳಿ-ಧಾರವಾಡದ ನಡುವಿನ ಬಸ್ಸಿಗೂ ಅದೇ ಹೆಸರು. ಉಳಿದವರು ಜಿಂಕೆ ಬಿಡಿಸಿ ಕವಲು ಕೊಂಬು ಇಡ್ತಾರೆ. ರಾಣೆಬೆನ್ನೂರು ಕಡೆಯ ಹುಡುಗ ಇದ್ದರೆ ಮಾತ್ರ ಕವಲಿಲ್ಲದ ಸುರುಳಿ ಕೊಂಬು ಬರುತ್ತೆ. ಅವನು ಹೊಲದಲ್ಲಿ ನೋಡಿರ್ತಾನೆ.

ಮೂಗಿನ ಮೇಲೆ ಕೊಂಬಿದ್ದ ಡೈನೊಸಾರ್ ಇಗ್ವಾನೊಡಾನ್. ಇಂಗ್ಲೆಂಡಿನ ಡಾಕ್ಟರ್ ಗಿಡಿಯನ್ ಮ್ಯಾಂಟೆಲ್ 1825ರಲ್ಲಿ ಹಲ್ಲುಗಳನ್ನು ನೋಡಿ ಹೆಸರಿಟ್ಟ. ಆಮೇಲೆ ಸಿಕ್ಕ ಚೂಪಾದ ಮೂಳೆಯೊಂದನ್ನು ಮೂಗಿನ ಮೇಲೆ ಕೂರಿಸಿದ. 1854ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ತೋಟದಲ್ಲಿ ನಿಲ್ಲಿಸಿದ ಮೂರ್ತಿಗೂ ಅದೇ ಕೊಂಬು, ಇವತ್ತಿಗೂ ಇದೆ. 1878ರಲ್ಲಿ ಬೆಲ್ಜಿಯಂನ ಕಲ್ಲಿದ್ದಲು ಗಣಿಯಲ್ಲಿ ಪೂರ್ತಿ ಅಸ್ಥಿಪಂಜರಗಳು ಸಿಕ್ಕವು. ನೋಡಿದರೆ ಅದು ಹೆಬ್ಬೆರಳು! ಚಿತ್ರಕಾರನನ್ನು ಬೈದು ಏನು ಮಾಡೋದು?

ಪ್ರಾಣಿ ಎದುರಿಗಿದ್ದಾಗ ಏನಾಗುತ್ತೆ ಅನ್ನೋದಕ್ಕೆ ಜಹಾಂಗೀರನ ಆಸ್ಥಾನದ ಉಸ್ತಾದ್ ಮನ್ಸೂರ್ ಸಾಕು. 1612ರಲ್ಲಿ ಗೋವಾದಿಂದ ತಂದ ಟರ್ಕಿ ಕೋಳಿ, 1621ರ ಝೀಬ್ರಾ, ಎರಡೂ ಇವತ್ತಿನ ಪಕ್ಷಿ, ಪ್ರಾಣಿ ಪುಸ್ತಕದಲ್ಲಿ ಹಾಕಬಹುದು. ಝೀಬ್ರಾದ ಪಟ್ಟೆ ಯಾರೋ ಬಣ್ಣ ಹಚ್ಚಿದ್ದು ಅಂತ ಜನ ಅನುಮಾನಪಟ್ಟು ಪರೀಕ್ಷೆ ಮಾಡಿದ್ದರಂತೆ. ನನ್ನ ಮಟ್ಟಿಗೆ ಮನ್ಸೂರ್ ಡ್ಯೂರರ್‌ಗಿಂತ ಒಂದು ಕೈ ಮೇಲು, ಜಗಳಕ್ಕೆ ಬರೋರು ಬರಬಹುದು.

ನಮ್ಮ ಧಾರವಾಡಕ್ಕೂ ಇದರ ನಂಟಿದೆ. ಕಿತ್ತೂರಿನ 1824ರ ಯುದ್ಧದಲ್ಲಿ ಚೆನ್ನಮ್ಮನ ಕಡೆಯವರು ಸೆರೆ ಹಿಡಿದ ಬ್ರಿಟಿಷ್ ಅಧಿಕಾರಿ ಎಲಿಯಟ್ ನೆನಪಿದ್ದಾನಲ್ವಾ? ಅದೇ ವಾಲ್ಟರ್ ಎಲಿಯಟ್ 1839ರಲ್ಲಿ ಈ ಸೀಮೆಯ ಸಸ್ತನಿಗಳ ಪಟ್ಟಿ ಪ್ರಕಟಿಸಿದ. ಭಾರತದ ಚಿತ್ರಕಾರರಿಂದ ಪ್ರಾಣಿ, ಗಿಡಗಳ ಚಿತ್ರ ಬರೆಸುತ್ತಿದ್ದ. ಶಾಲೆಯಲ್ಲಿ ನಮಗೆ ಅವನ ಸೆರೆಯ ಕಥೆ ಮಾತ್ರ ಹೇಳ್ತಾರೆ.

ಇನ್ನು ನೀವೇ ನೋಡೋದಾದರೆ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಜಾಲತಾಣದಲ್ಲಿ ಹಳೇ ಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಚಿತ್ರದ ಕೆಳಗಿನ ಸಣ್ಣ ಅಕ್ಷರ ಓದಿ. ಸಾಮಾನ್ಯವಾಗಿ ಎಡಕ್ಕೆ ‘ಡೆಲ್’ ಅಂತ ಇದ್ದರೆ ಬಿಡಿಸಿದವನ ಹೆಸರು, ಬಲಕ್ಕೆ ‘ಸ್ಕಲ್ಪ್’ ಅಂತ ಇದ್ದರೆ ಅಚ್ಚು ಕೊರೆದವನದ್ದು. ಬಣ್ಣ ಎಷ್ಟೋ ಸಲ ಮೂರನೆಯವರು ಒಂದೊಂದೇ ಪ್ರತಿಗೆ ಕೈಯಿಂದ ಹಚ್ಚಿದ್ದು. ಹಾಗಾಗಿ ಒಂದು ಪ್ರತಿಯ ಬಣ್ಣ ನೋಡಿ ಹಕ್ಕಿ ಯಾವುದು ಅಂತ ಹೇಳೋಕೆ ಹೋಗಬೇಡಿ, ಇನ್ನೊಂದು ಪ್ರತಿ ತೆಗೆದು ಹೋಲಿಸಿ.