ಮೂರು ದಿನದಾಗ ಲಂಡನ್ ಕಡೆ ವಿಮಾನ ಮ್ಯೂಸಿಯಂ ಹೆಂಗ ನೋಡಬೇಕು

ಅಕ್ಕಾರ, ಜೂನ್‌ದಾಗ ಮಗನ ಮನಿಗೆ ಲಂಡನ್ನಿಗೆ ಹೊಂಟೀವಿ, ಯಜಮಾನರಿಗೆ ಹಳೇ ಯುದ್ಧವಿಮಾನ ಅಂದ್ರ ಜೀವ, ಕೈಯಾಗ ಮೂರು ದಿನ, ಪಟ್ಟಿಯೊಳಗ ಐದು ಮ್ಯೂಸಿಯಂ, ಆಗ್ತೈತೇನು ಅಂತ ಕೇಳೀರಿ. ಅವರಿಗೆ ಮೊಣಕಾಲು ನೋವು ಅಂತನೂ ಬರದೀರಿ. ಐದು ಆಗೂದಿಲ್ರಿ. ದಿನಕ್ಕೊಂದರಂಗ ಮೂರು ನೋಡ್ರಿ: ಹೆಂಡನ್, ಡಕ್ಸ್‌ಫರ್ಡ್, ಕಾಸ್‌ಫರ್ಡ್. ನೂರು ವಿಮಾನದ ಮುಂದ ಹಾದು ಹೋಗೂದಕ್ಕಿಂತ ಹತ್ತು ವಿಮಾನದ ಹೆಸರು, ನಂಬರು ಇಲ್ಲೇ ಓದಿಕೊಂಡು ಹೋಗಿ ಅವುಗಳ ಮುಂದ ಅರ್ಧರ್ಧ ತಾಸು ನಿಂತ್ರ ನೋಡಿದ್ದು ತಲಿಯಾಗ ಉಳೀತೈತಿ.

ಹೆಂಡನ್ನಿನ ಆರ್‌ಎಎಫ್ (ಬ್ರಿಟಿಷ್ ವಾಯುಪಡೆ) ಮ್ಯೂಸಿಯಂ ಲಂಡನ್ ಊರಾಗ ಐತಿ, ಪ್ರವೇಶ ಉಚಿತ. ನಾರ್ದರ್ನ್ ಲೈನ್ ಟ್ಯೂಬ್ ಹಿಡಿದು ಕಾಲಿಂಡೇಲ್‌ನ್ಯಾಗ ಇಳೀರಿ. ಮಂದಿ ತಪ್ಪೂದು ಇಲ್ಲೇ. ಈ ಲೈನು ಕ್ಯಾಮ್ಡನ್ ಟೌನ್ ದಾಟಿದ ಮ್ಯಾಲ ಎರಡಾಗಿ ಒಡೀತೈತಿ. ನಿಮಗ ಬೇಕಾದ್ದು ಎಜ್‌ವೇರ್ ಅಂತ ಬೋರ್ಡ್ ಇರೂ ಗಾಡಿ. ಹೈ ಬಾರ್ನೆಟ್ ಗಾಡಿ ಹತ್ತಿದ್ರ ಕ್ಯಾಮ್ಡನ್‌ದಾಗ ಇಳಿದು ಬದಲಿಸ್ರಿ. ಒಳಗ ಆರ್5868 ನಂಬರಿನ ಲ್ಯಾಂಕಾಸ್ಟರ್ ಬಾಂಬರ್ ಹುಡುಕ್ರಿ. ಮೂತಿಯ ಮ್ಯಾಲ ಸಣ್ಣ ಸಣ್ಣ ಬಾಂಬಿನ ಚಿತ್ರ ಸಾಲಾಗಿ ಬರದಾರ, ಒಂದು ಚಿತ್ರ ಅಂದ್ರ ಒಂದು ದಾಳಿ. ಈ ವಿಮಾನ 137 ದಾಳಿಗೆ ಹೋಗಿ ಬಂದದ್ದು. ಆ ಕಾಲಕ್ಕ ಒಂದು ಲ್ಯಾಂಕಾಸ್ಟರ್ ನೂರು ದಾಟೂದು ಭಾಳ ಅಪರೂಪ, ಹಂಗಾಗಿ ಆ ಸಾಲನ್ನ ಸಾವಕಾಶ ನೋಡ್ರಿ. ಮೊದಲ ಮಹಾಯುದ್ಧದ ಹಾಲ್‌ದಾಗ ಎಸ್‌ಇ5ಎ ಅನ್ನೂ ಯುದ್ಧವಿಮಾನ ಐತಿ. ಕಲಕತ್ತಾದ ಇಂದ್ರಲಾಲ್ ರಾಯ್ 1918ರ ಜುಲೈದಾಗ ಇದೇ ಮಾದರಿಯ ವಿಮಾನದಾಗ ಎರಡು ವಾರದೊಳಗ ಹತ್ತು ಗೆಲುವು ಪಡೆದು, 19ನೇ ವಯಸ್ಸಿಗೆ ಫ್ರಾನ್ಸಿನ ಮ್ಯಾಲ ಜೀವ ಬಿಟ್ಟರು. ಕಟ್ಟಿಗಿ, ಬಟ್ಟಿ, ತಂತಿ ಸೇರಿಸಿ ಕಟ್ಟಿದ ಆ ರೆಕ್ಕಿ ಕಂಡಾಗ ಅವರ ಧೈರ್ಯ ಎಂಥಾದ್ದು ಅನ್ನೂದು ತಿಳೀತೈತಿ.

ಡಕ್ಸ್‌ಫರ್ಡ್ ಕೇಂಬ್ರಿಡ್ಜ್ ಹತ್ರ, ಟಿಕೆಟ್ ಐತಿ. ಲಿವರ್‌ಪೂಲ್ ಸ್ಟ್ರೀಟ್ ಸ್ಟೇಷನ್ನಿನಿಂದ ಕೇಂಬ್ರಿಡ್ಜ್ ಗಾಡಿ ಹತ್ತಿ ವಿಟಲ್ಸ್‌ಫರ್ಡ್ ಪಾರ್ಕ್‌ವೇದಾಗ ಇಳಿದ್ರ ಮುಂದ ನಾಕು ಕಿ.ಮೀ. ಆಸುಪಾಸು ಉಳೀತೈತಿ. ಅಲ್ಲೆ ಆಟೋ ನಿಂತಿರೂದಿಲ್ಲ, ಟ್ಯಾಕ್ಸಿ ಹಿಂದಿನ ದಿನನ ಹೇಳಿ ಇಡ್ರಿ. ಮ್ಯೂಸಿಯಂ ಈ ತುದಿಯಿಂದ ಆ ತುದಿಗೆ ಹೆಚ್ಚುಕಮ್ಮಿ ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರ್ ಪ್ಲಾಟ್‌ಫಾರ್ಮಿನಷ್ಟ ಉದ್ದ ಐತಿ. ಮೊಣಕಾಲು ನೋವಿದ್ದವರು ಬಾಗಲದಿಂದ ಶುರು ಮಾಡಿದ್ರ ಅರ್ಧಕ್ಕ ಸೋಲ್ತಾರ. ಕಾಲಾಗ ಶಕ್ತಿ ಇದ್ದಾಗ ದೂರದ ತುದಿಗೆ ಹೋಗಿ, ಅಮೆರಿಕನ್ ಏರ್ ಮ್ಯೂಸಿಯಂದಾಗ ಬಿ-52 ಬಾಂಬರ್, ಎಸ್‌ಆರ್-71 ಬೇಹುಗಾರಿಕೆ ವಿಮಾನ ನೋಡಿಕೊಂಡು ವಾಪಸ್ ಬಾಗಲದ ಕಡೆ ಬರ್ರಿ. ಶಬ್ದಕ್ಕಿಂತ ಜೋರಾಗಿ ಹಾರತಿದ್ದ ಪ್ರಯಾಣಿಕರ ವಿಮಾನ ಕಾನ್‌ಕಾರ್ಡ್ ಬಾಗಲದ ಹತ್ರನ ಐತಿ, ಅದನ್ನ ಕಡೀಕ ಇಟ್ಟುಕೊಳ್ರಿ. ಗಾಲಿಕುರ್ಚಿ ಬೇಕಂದ್ರ ಹೋಗೂಕಿಂತ ಮೊದಲ ಮ್ಯೂಸಿಯಂಗೆ ಇಮೇಲ್ ಮಾಡಿ ಕೇಳ್ರಿ. ಬೆಳಗ್ಗೆ ಬಾಗಲದಾಗ ನಿಂತು ಕೇಳಿದ್ರ ಖಾಲಿ ಇರದೇ ಹೋಗಬಹುದು.

ಸ್ಪಿಟ್‌ಫೈರ್ ಅನ್ನೂ ಯುದ್ಧವಿಮಾನ ಬ್ರಿಟಿಷ್ ವಾಯುಪಡೆಗೆ ಮೊದಲ ಬಂದದ್ದು 1938ರ ಆಗಸ್ಟ್‌ದಾಗ, ಇದೇ ಡಕ್ಸ್‌ಫರ್ಡಿಗೆ. ಇವತ್ತೂ ಹಾರೂ ಸ್ಪಿಟ್‌ಫೈರ್ ಅಲ್ಲೆ ಅದಾವ. ಹಾರೂದು ಯಾವುದು, ಬರೇ ನಿಲ್ಲಿಸಿಟ್ಟದ್ದು ಯಾವುದು ಅಂತ ಗುರುತು ಹಿಡೀಬೇಕಂದ್ರ ಎಂಜಿನ್ ಕೆಳಗ ನೋಡ್ರಿ. ಹಾರೂದರ ಕೆಳಗ ಎಣ್ಣಿ ಹಿಡಿಯೂ ಟ್ರೇ ಇಟ್ಟಿರ್ತಾರ, ಯಾಕಂದ್ರ 27 ಲೀಟರಿನ ಮರ್ಲಿನ್ ಎಂಜಿನ್ ನಿಂತಲ್ಲೇ ಹನಿ ಹನಿ ಎಣ್ಣಿ ಸುರಸ್ತೈತಿ. ಏರ್ ಶೋ ಇದ್ದ ದಿನ ಬ್ಯಾಡ್ರಿ. ಆವತ್ತು ಟಿಕೆಟ್ ಬ್ಯಾರೆ, ಗದ್ದಲ ಭಾಳ, ಹ್ಯಾಂಗರ್‌ದಾಗ ನಿಂತು ನೋಡಾಕ ಆಗೂದಿಲ್ಲ.

ಕಾಸ್‌ಫರ್ಡ್ ದೂರ ಅಂತ ಎಲ್ಲಾರೂ ಬಿಡ್ತಾರ. ಬಿಡಬ್ಯಾಡ್ರಿ. ಲಂಡನ್ ಯೂಸ್ಟನ್‌ದಿಂದ ವುಲ್ವರ್‌ಹ್ಯಾಂಪ್ಟನ್, ಅಲ್ಲೆ ಗಾಡಿ ಬದಲಿಸಿ ಕಾಸ್‌ಫರ್ಡ್. ಸ್ಟೇಷನ್ನಿನಿಂದ ನಡಕೊಂಡು ಹೋಗೂವಷ್ಟ ದೂರ, ಪ್ರವೇಶ ಉಚಿತ. 60 ದಾಟಿದವರು ಪಾಸ್‌ಪೋರ್ಟ್ ತೋರಿಸಿ ಸೀನಿಯರ್ ರೈಲ್‌ಕಾರ್ಡ್ ಮಾಡಿಸಿದ್ರ ಟಿಕೆಟ್‌ದಾಗ ಮೂರನೇ ಒಂದು ಪಾಲು ಉಳೀತೈತಿ. ವಲ್ಕನ್, ವಿಕ್ಟರ್, ವೇಲಿಯಂಟ್ ಮೂರೂ ಬಾಂಬರ್ ಒಂದೇ ಸೂರಿನ ಕೆಳಗ ಸಿಗೂದು ಇಲ್ಲೆ ಮಾತ್ರ.

ಅದಕ್ಕಿಂತ ನಮಗ ಹತ್ತಿರದ್ದು ಕೆಎನ್751 ನಂಬರಿನ ಲಿಬರೇಟರ್ ಬಾಂಬರ್. ಯುದ್ಧ ಮುಗಿದ ಮ್ಯಾಲ ಕಾನ್ಪುರದಾಗ ಇಂಥಾ ಲಿಬರೇಟರ್‌ಗಳನ್ನ ಮತ್ತ ಹಾರಬಾರದು ಅಂತ ಒಡದು, ಕೆಡಿಸಿ ಬಿಟ್ಟುಹೋಗಿದ್ದರು. 1948ರಿಂದ ಎಚ್‌ಎಎಲ್‌ನವರು ಒಂದೊಂದನ್ನೂ ಹಾರೂವಷ್ಟು ರಿಪೇರಿ ಮಾಡಿ, ಬೆಂಗಳೂರಿಗೆ ಹಾರಿಸಿ ತಂದು, ಪೂರ್ತಿ ಸರಿಪಡಿಸಿ ನಮ್ಮ ವಾಯುಪಡೆಗೆ ಕೊಟ್ಟರು. 1968ರವರೆಗೂ ಅವು ದುಡಿದವು. ಕಾಸ್‌ಫರ್ಡಿನ ಈ ವಿಮಾನ ನಮ್ಮ ವಾಯುಪಡೆ 1974ರಾಗ ಕೊಟ್ಟದ್ದು. ಹೊಟ್ಟಿ ಕೆಳಗ ಬಗ್ಗಿ ಬಾಂಬಿನ ಬಾಗಲ ನೋಡ್ರಿ. ಬ್ಯಾರೆ ಬಾಂಬರ್‌ಗಳ ಬಾಗಲ ಕೆಳಗ ತೆರೀತಾವ, ಇದರದ್ದು ದುರ್ಗದಬೈಲಿನ ಅಂಗಡಿ ಶಟರಿನಂಗ ಪಟ್ಟಿ ಪಟ್ಟಿ, ವಿಮಾನದ ಮೈಗುಂಟ ಮ್ಯಾಲ ಸರೀತೈತಿ. ಹೊಟ್ಟಿ ನೆಲಕ್ಕ ಭಾಳ ಹತ್ತಿರ, ಮ್ಯಾಲ ಹಾರೂವಾಗ ಬಾಗಲ ಗಾಳಿಗೆ ಅಡ್ಡ ಬರಬಾರದು, ಅದಕ್ಕ ಈ ಉಪಾಯ. ನಮ್ಮಿಂದ ಹೋದ ಲಿಬರೇಟರ್ ಅಮೆರಿಕದ ಟೂಸಾನ್ ಪೀಮಾ ಮ್ಯೂಸಿಯಂದಾಗೂ, ಕೆನಡಾದ ಒಟ್ಟಾವಾದಾಗೂ ಅದಾವ.

ಫೋಟೋ ತೆಗಿಯೂವಾಗ ಮೊದಲ ಮಾಹಿತಿ ಫಲಕದ್ದು ತಗೀರಿ, ಆಮ್ಯಾಲ ವಿಮಾನದ್ದು. ಇಲ್ಲಾಂದ್ರ ಮನಿಗೆ ಬಂದ ಮ್ಯಾಲ 600 ಫೋಟೋದಾಗ ಯಾವುದು ಯಾವುದು ಅಂತ ತಿಳಿಯೂದಿಲ್ಲ. ಫ್ಲ್ಯಾಶ್ ಬ್ಯಾಡ, ಕಾಕ್‌ಪಿಟ್ ಗಾಜಿಗೆ ಬಡದು ಬರೇ ಬೆಳಕ ಬರ್ತೈತಿ. ಪವರ್ ಬ್ಯಾಂಕ್ ಕೈಚೀಲದಾಗ ಇರಬೇಕು, ಚೆಕ್-ಇನ್ ಬ್ಯಾಗಿನ್ಯಾಗ ಹಾಕೂಹಂಗಿಲ್ಲ. 20,000 ಎಂಎಎಚ್ ಅಂದ್ರ 74 ವಾಟ್-ಅವರ್, 100ರ ಮಿತಿಯೊಳಗ ಬರ್ತೈತಿ.

ಮ್ಯೂಸಿಯಂ ಅಂಗಡ್ಯಾಗ ಮೊಮ್ಮಕ್ಕಳಿಗೆ ಏರ್‌ಫಿಕ್ಸ್ ಕಿಟ್ (ಜೋಡಿಸಿ ಅಂಟಿಸೂ ಪ್ಲಾಸ್ಟಿಕ್ ವಿಮಾನ) ತಗೊಂಡ್ರ ಪ್ಲಾಸ್ಟಿಕ್ ಭಾಗಕ್ಕ ಯಾರೂ ತಕರಾರು ಮಾಡೂದಿಲ್ಲ. ಆದ್ರ ಸ್ಟಾರ್ಟರ್ ಸೆಟ್ಟಿನ್ಯಾಗ ಅಂಟಿನ ಟ್ಯೂಬ್ ಇರ್ತೈತಿ, ಅದು ಬೆಂಕಿ ಹತ್ತೂ ಸಾಮಾನು. ಅದನ್ನ ಮಗನ ಮನ್ಯಾಗ ಬಿಟ್ಟು ಬರ್ರಿ. ಎನಾಮಲ್ ಬಣ್ಣ, ಥಿನ್ನರ್, ಸ್ಪ್ರೇ ಡಬ್ಬಿ ಯಾವ ಬ್ಯಾಗಿನ್ಯಾಗೂ ಬ್ಯಾಡ. ಖಾಲಿ ತೋಟಾ, ಗುಂಡಿನ ಕೀಚೈನ್ ಅಂತೂ ಮುಟ್ಟಬ್ಯಾಡ್ರಿ, ಏರ್‌ಪೋರ್ಟ್ ಸ್ಕ್ಯಾನರಿನ್ಯಾಗ ಕಂಡ್ರ ನಿಮ್ಮನ್ನ ಬದಿಗೆ ಕರದು ನಿಲ್ಲಿಸ್ತಾರ.

ಹೋಗೂಕಿಂತ ಮೊದಲ ಒಂದು ಸಲ ಗೋವಾದ ದಾಬೋಳಿ ಹತ್ರದ ನೌಕಾ ವಿಮಾನ ಮ್ಯೂಸಿಯಂಗೆ ಯಜಮಾನರನ್ನ ಕರಕೊಂಡು ಹೋಗಿ ಬರ್ರಿ. ಸೂಪರ್ ಕಾನ್‌ಸ್ಟೆಲೇಶನ್, ಸೀ ಹಾಕ್ ಎಲ್ಲಾ ಅಲ್ಲೆ ಅದಾವ. ಎರಡು ತಾಸು ನಿಂತು ನೋಡಿದ್ರ ಮೊಣಕಾಲು ಎಷ್ಟು ತಡೀತಾವ ಅನ್ನೂದು ಗೊತ್ತಾಗ್ತೈತಿ, ಡಕ್ಸ್‌ಫರ್ಡಿಗೆ ಗಾಲಿಕುರ್ಚಿ ಹೇಳಬೇಕೋ ಬ್ಯಾಡೋ ಆಮ್ಯಾಲ ನಿರ್ಧಾರ ಮಾಡ್ರಿ. ಸೋಮವಾರ ಬಿಟ್ಟು ಹೋಗ್ರಿ, ಆವತ್ತು ಅದು ಬಂದ್ ಇರ್ತೈತಿ.