ಒಂಬತ್ತು ವರ್ಷ ಅಲ್ಜೀರ್ಸ್‌ನಲ್ಲಿದ್ದು ನಾಡಿಗೆ ಮರಳಿದ ಗುದ್ರೀದುರ್

ಉತ್ತರ ಯುರೋಪಿನ ದೂರದ ದ್ವೀಪಗಳಲ್ಲಿ ಹಿಂದಿನ ಕಾಲದ ಹೆಂಗಸರು ಸಂಸಾರವನ್ನು ಹೇಗೆ ನಡೆಸಿಕೊಂಡು ಹೋಗುತ್ತಿದ್ದರು, ಎಷ್ಟೇ ಕಷ್ಟ ಬಂದರೂ ಕುಸಿಯದೆ ನಿಂತ ಒಬ್ಬ ಹೆಣ್ಣಿನ ನಿಜವಾದ ಕಥೆ ಗೊತ್ತಿದ್ದರೆ ಹೇಳಿ ಎಂದು ಕೇಳಿದ್ದೀರಿ. ನಾನು ಕೆಲಸದ ನಿಮಿತ್ತ ಕೆಲವು ವರ್ಷ ಕೋಪನ್‌ಹೇಗನ್ನಿನಲ್ಲಿದ್ದಾಗ ಎರಡು ಬಾರಿ ಐಸ್‌ಲ್ಯಾಂಡಿಗೆ ಹೋಗಿದ್ದೆ. ಎರಡನೆಯ ಬಾರಿ ಹೋದದ್ದು ಮುಖ್ಯವಾಗಿ ಗುದ್ರೀದುರ್ ಸೀಮೊನಾರ್‌ದೋತ್ತಿರ್ ಎಂಬ ಹೆಂಗಸು ಬಾಳಿದ ಜಾಗಗಳನ್ನು ನೋಡುವುದಕ್ಕಾಗಿ. ಆದುದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಆಕೆಯೇ. ಸೀಮೊನಾರ್‌ದೋತ್ತಿರ್ ಎಂದರೆ ಸೀಮೊನನ ಮಗಳು ಎಂದಷ್ಟೇ ಅರ್ಥ. ಅಲ್ಲಿ ಮನೆತನದ ಹೆಸರಿನ ರೂಢಿ ಇಲ್ಲ, ಮದುವೆಯಾದರೂ ಹೆಂಗಸು ತಂದೆಯ ಹೆಸರನ್ನು ಬಿಡುವುದಿಲ್ಲ.

ಆಕೆ ಹುಟ್ಟಿದ್ದು 1598ರಲ್ಲಿ, ಐಸ್‌ಲ್ಯಾಂಡಿನ ದಕ್ಷಿಣ ಕರಾವಳಿಯ ಆಚೆಗಿರುವ ವೆಸ್ಟ್‌ಮನ್ನಾಯೇಯರ್ ದ್ವೀಪಗಳಲ್ಲಿ. ಈ ಗುಂಪಿನಲ್ಲಿ ಜನವಸತಿ ಇರುವ ದ್ವೀಪ ಒಂದೇ, ಹೇಮಾಯೆ. ಹದಿಮೂರು ಚದರ ಕಿಲೋಮೀಟರುಗಳಷ್ಟು ವಿಸ್ತಾರದ ಆ ದ್ವೀಪಕ್ಕೆ ಈಗ ಲಾಂಡೇಯಾಹೋಫ್ನ್ ಎಂಬ ಬಂದರಿನಿಂದ ಮುಕ್ಕಾಲು ಗಂಟೆಯೊಳಗೆ ಹಡಗಿನಲ್ಲಿ ತಲುಪಬಹುದು. ಆದರೆ ಆ ಬಂದರು ಆರಂಭವಾದದ್ದೇ 2010ರಲ್ಲಿ, ಚಳಿಗಾಲದಲ್ಲಿ ಅದರ ಬಾಯಿಗೆ ಮರಳು ತುಂಬಿಕೊಂಡರೆ ಇಂದಿಗೂ ಹಡಗು ಬೇರೆ ಬಂದರಿನಿಂದ ಸುತ್ತಿಕೊಂಡು ಬರಬೇಕಾಗುತ್ತದೆ. ಹುಟ್ಟುಹಾಕುವ ದೋಣಿಗಳ ಕಾಲದಲ್ಲಿ ಹವೆ ಕೆಟ್ಟರೆ ವಾರಗಟ್ಟಲೆ ಅತ್ತಿಂದಿತ್ತ ಯಾರೂ ಸುಳಿಯುತ್ತಿರಲಿಲ್ಲ.

ಅಲ್ಲಿನ ಮನೆವಾರ್ತೆಯ ಕಷ್ಟ ನನಗೆ ಅರ್ಥವಾದದ್ದು ನೀರಿನ ವಿಷಯ ಕೇಳಿದಾಗ. ಹೇಮಾಯೆಯಲ್ಲಿ ಹೊಳೆಯಿಲ್ಲ, ಹಳ್ಳವಿಲ್ಲ. ಬಿದ್ದ ಮಳೆ ಜ್ವಾಲಾಮುಖಿಯ ಕಲ್ಲಿನೊಳಗೆ ಇಳಿದುಹೋಗುತ್ತದೆ. 1968ರಲ್ಲಿ ಸಮುದ್ರದಡಿಯಲ್ಲಿ ಕೊಳವೆ ಹಾಕಿ ಆಚೆ ದಡದಿಂದ ಸಿಹಿನೀರು ತರುವವರೆಗೂ ಜನರು ಸೂರಿನಿಂದ ಇಳಿಯುವ ಮಳೆನೀರನ್ನು ಹಿಡಿದಿಟ್ಟುಕೊಂಡು ಬದುಕಿದರು. ಸುತ್ತಲೂ ಉಪ್ಪುಗಾಳಿ ಬೀಸುವ ದ್ವೀಪದ ಸೂರು ಅದು. ಬಿರುಗಾಳಿ ಬಂದುಹೋದ ಮೇಲೆ ಹಿಡಿದ ನೀರು ಯಾವ ರುಚಿಯಲ್ಲಿರುತ್ತಿತ್ತೋ ನೀವೇ ಊಹಿಸಿಕೊಳ್ಳಿ. ಗಂಡಸರು ಚಳಿಗಾಲದ ಕೊನೆಯಿಂದ ವಸಂತದವರೆಗೆ ಕಾಡ್ ಮೀನಿನ ಬೆನ್ನು ಹತ್ತಿ ಸಮುದ್ರಕ್ಕೆ ಇಳಿಯುತ್ತಿದ್ದರು. ತಂದ ಮೀನನ್ನು ಸೀಳಿ, ಕಲ್ಲುಗೋಡೆಗಳ ಮೇಲೆ ಹರವಿ, ಮಳೆ ಬಂದರೆ ಓಡಿ ಎತ್ತಿಟ್ಟು, ಮತ್ತೆ ಹರವಿ ಒಣಗಿಸಬೇಕಿತ್ತು. ಒಂದು ಬಂಡೆಯ ಕಡಿದಾದ ಮೈಯಲ್ಲಿರುವ ಚಾಚುಗಳ ಮೇಲೂ ಮೀನು ಒಣಗಿಸುತ್ತಿದ್ದರು. ಅದನ್ನು ಈಗಲೂ ಮೀನುಗವಿಗಳು ಎಂಬ ಅರ್ಥದ ಹೆಸರಿನಿಂದಲೇ ಕರೆಯುತ್ತಾರೆ. ದ್ವೀಪವೆಲ್ಲ ಡೆನ್ಮಾರ್ಕಿನ ದೊರೆಯ ಸ್ವತ್ತಾಗಿದ್ದುದರಿಂದ ಎಲ್ಲರೂ ಗೇಣಿದಾರರೇ, ವ್ಯಾಪಾರವೂ ಡೇನರ ಕೈಯಲ್ಲಿತ್ತು.

ಗುದ್ರೀದುರ್ ಇಂತಹ ಊರಿನ ಸ್ಟಾಕಗೆರ್ದಿ ಎಂಬಲ್ಲಿ ಎಯ್ಯೋಲ್ಫುರ್ ಸೋಲ್ಮುಂದರ್ಸನ್ ಎಂಬ ಬೆಸ್ತನ ಹೆಂಡತಿಯಾಗಿದ್ದಳು. ಅವರಿಗೆ ಸೋಲ್ಮುಂದುರ್ ಎಂಬ ಪುಟ್ಟ ಮಗನಿದ್ದ. ಮುಂದಿನದು ನಡೆಯದೇ ಇದ್ದಿದ್ದರೆ ಆಕೆಯ ಹೆಸರು ಯಾವ ಕಾಗದದಲ್ಲಿಯೂ ಉಳಿಯುತ್ತಿರಲಿಲ್ಲ.

1627ರ ಜುಲೈ ತಿಂಗಳಲ್ಲಿ ಉತ್ತರ ಆಫ್ರಿಕಾದ ಅಲ್ಜೀರ್ಸ್‌ನಿಂದ ಹೊರಟ ಕಡಲ್ಗಳ್ಳರ ಮೂರು ಹಡಗುಗಳು ಹೇಮಾಯೆಗೆ ಬಂದವು. ಅಲ್ಜೀರ್ಸ್ ಆಗ ಆಟೊಮನ್ ಸುಲ್ತಾನರ ಅಧೀನದಲ್ಲಿದ್ದುದರಿಂದ ಐಸ್‌ಲ್ಯಾಂಡಿನ ಜನರು ಇದನ್ನು ತುರ್ಕರ ದಾಳಿ ಎಂದೇ ಕರೆಯುತ್ತಾರೆ, ಆದರೆ ಬಂದವರಲ್ಲಿ ಮತಾಂತರಗೊಂಡ ಯುರೋಪಿಯನ್ನರೂ ಇದ್ದರು. ದಾಳಿಕೋರರು ಮೂವತ್ತಕ್ಕೂ ಹೆಚ್ಚು ಮಂದಿಯನ್ನು ಕೊಂದು, ಚರ್ಚನ್ನು ಸುಟ್ಟು, ಸುಮಾರು 240 ಮಂದಿಯನ್ನು ಸೆರೆಹಿಡಿದು ಹಡಗಿಗೆ ಹತ್ತಿಸಿದರು. ಅವರಲ್ಲಿ ಗುದ್ರೀದುರ್ ಇದ್ದಳು, ಮಗನಿದ್ದ. ಗಂಡ ಮಾತ್ರ ಸಿಕ್ಕಿಬೀಳಲಿಲ್ಲ. ಸೆರೆಯಾದವರಲ್ಲಿ ಓಲಾಫುರ್ ಎಗಿಲ್ಸನ್ ಎಂಬ ಪಾದ್ರಿಯೂ ಒಬ್ಬರು. ಅವರು ಆಮೇಲೆ ಬರೆದಿಟ್ಟ ವೃತ್ತಾಂತದಿಂದಲೇ ನಮಗೆ ಈ ಪಯಣದ ವಿವರಗಳು ತಿಳಿದಿವೆ. ಅವರ ಹೆಂಡತಿಗೆ ನಡುಗಡಲಿನಲ್ಲಿ ಹಡಗಿನ ಮೇಲೆಯೇ ಹೆರಿಗೆಯಾಯಿತು; ಮಗುವನ್ನು ಸುತ್ತಲು ಬಟ್ಟೆಯಿಲ್ಲದಿದ್ದಾಗ ಕಳ್ಳರಲ್ಲೇ ಇಬ್ಬರು ತಮ್ಮ ಹಳೆಯ ಅಂಗಿಗಳನ್ನು ಕೊಟ್ಟರೆಂದು ಅವರು ಬರೆದಿದ್ದಾರೆ. ನಾನು ಓದಿದ ಇಡೀ ಪ್ರಕರಣದಲ್ಲಿ ಮನಸ್ಸಿನಿಂದ ಹೋಗದೆ ಉಳಿದಿರುವುದು ಆ ಎರಡು ಅಂಗಿಗಳು.

ಅಲ್ಜೀರ್ಸ್‌ನಲ್ಲಿ ಸೆರೆಯಾಳುಗಳನ್ನು ಮಾರುಕಟ್ಟೆಯಲ್ಲಿ ನಿಲ್ಲಿಸಿ ಮಾರಿದರು. ಪಾದ್ರಿಯನ್ನು ಬಿಡುಗಡೆಯ ಹಣ ಕೇಳಿ ತರುವುದಕ್ಕೆಂದು ಡೆನ್ಮಾರ್ಕಿನ ದೊರೆಯ ಬಳಿಗೆ ಕಳುಹಿಸಲಾಯಿತು. ಆದರೆ ನಾಲ್ಕನೆಯ ಕ್ರಿಶ್ಚಿಯನ್ ದೊರೆ ಜರ್ಮನಿಯ ಯುದ್ಧದಲ್ಲಿ ಸೋತು ಬರಿಗೈಯಾಗಿದ್ದುದರಿಂದ ಆ ಹಣ ಕೂಡುವುದಕ್ಕೆ ವರ್ಷಗಳೇ ಹಿಡಿದವು. ಈ ನಡುವೆ ಗುದ್ರೀದುರ್ ತನ್ನ ಗಂಡನಿಗೆ ಒಂದು ಪತ್ರ ಬರೆದಳು. ಮೂಲ ಪತ್ರ ಇಲ್ಲ, ಯಾರೋ ನಕಲು ಮಾಡಿಟ್ಟ ಒಂದು ಭಾಗ ಮಾತ್ರ ಉಳಿದಿದೆ. ಹದಿನೇಳನೆಯ ಶತಮಾನದ ಬೆಸ್ತರ ಮನೆಯ ಹೆಂಗಸೊಬ್ಬಳ ಮಾತು, ಅದೂ ಗುಲಾಮಗಿರಿಯಲ್ಲಿದ್ದಾಗ ಆಡಿದ ಮಾತು, ಇಷ್ಟಾದರೂ ಉಳಿದಿರುವುದೇ ಅಪರೂಪ.

1636ರಲ್ಲಿ ಬಿಡುಗಡೆಯ ಹಣ ಬಂದಾಗ ಬಿಡುಗಡೆಯ ಭಾಗ್ಯ ಸಿಕ್ಕಿದ್ದು ಸುಮಾರು ಮೂವತ್ತೈದು ಮಂದಿಗೆ. ಒಂಬತ್ತು ವರ್ಷಗಳಲ್ಲಿ ಉಳಿದವರಲ್ಲಿ ಅನೇಕರು ತೀರಿಹೋಗಿದ್ದರು, ಅನೇಕರು ಅಲ್ಲಿನ ಮತವನ್ನು ಸ್ವೀಕರಿಸಿ ಅಲ್ಲಿಯವರೇ ಆಗಿದ್ದರು. ಗುದ್ರೀದುರಳ ಬಿಡುಗಡೆಯಾಯಿತು, ಮಗ ಅಲ್ಲಿಯೇ ಉಳಿದ. ಆಕೆಯ ಬದುಕಿನ ಬಗ್ಗೆ ಮಾತನಾಡುವವರು ಈ ಒಂದು ವಾಕ್ಯವನ್ನು ಬೇಗ ದಾಟಿಬಿಡುತ್ತಾರೆ, ನಾನೂ ಇಲ್ಲಿ ಅದಕ್ಕಿಂತ ಹೆಚ್ಚೇನನ್ನೂ ಬರೆಯಲಾರೆ.

ಬಿಡುಗಡೆಯಾದವರನ್ನು ಮೊದಲು ಕೋಪನ್‌ಹೇಗನ್ನಿಗೆ ಕರೆತಂದರು. ಇಷ್ಟು ವರ್ಷ ಮುಸ್ಲಿಮರ ನಡುವೆ ಇದ್ದವರು ಕ್ರೈಸ್ತ ಧರ್ಮದ ಪಾಠಗಳನ್ನು ಮರೆತಿರುತ್ತಾರೆಂದು ಅವರಿಗೆ ಮತ್ತೆ ಪಾಠ ಹೇಳಿಸುವ ಏರ್ಪಾಡಾಯಿತು, ಅದಕ್ಕೆ ಐಸ್‌ಲ್ಯಾಂಡಿನವನೇ ಆದ ಹಾಲ್‌ಗ್ರೀಮುರ್ ಪೇಟುರ್ಸನ್ ಎಂಬ ವಿದ್ಯಾರ್ಥಿಯನ್ನು ನೇಮಿಸಿದರು. ಆತನಿಗೆ ಇಪ್ಪತ್ತೆರಡು ವರ್ಷ, ಆಕೆಗೆ ಮೂವತ್ತೆಂಟು. ಪಾಠ ಮುಗಿಯುವ ಹೊತ್ತಿಗೆ ಗುದ್ರೀದುರ್ ಆತನಿಂದ ಗರ್ಭಿಣಿಯಾಗಿದ್ದಳು. ಆತ ಓದನ್ನು ಅರ್ಧಕ್ಕೆ ಬಿಟ್ಟು 1637ರಲ್ಲಿ ಆಕೆಯೊಡನೆ ಹಡಗು ಹತ್ತಿ ಐಸ್‌ಲ್ಯಾಂಡಿನ ಕೆಫ್ಲಾವಿಕ್‌ನಲ್ಲಿ ಇಳಿದ. ಅಂದಿನ ಕಾನೂನಿನಲ್ಲಿ ಗಂಡನುಳ್ಳ ಹೆಂಗಸು ಪರಪುರುಷನನ್ನು ಕೂಡುವುದು ಘೋರ ಅಪರಾಧ. ಆದರೆ ಎಯ್ಯೋಲ್ಫುರ್ ಅಷ್ಟರಲ್ಲಿ ಸಮುದ್ರದ ಪಾಲಾಗಿದ್ದನೆಂಬ ಸುದ್ದಿ ಗೊತ್ತಾಯಿತು. ಆಕೆ ವಿಧವೆಯಾಗಿದ್ದುದರಿಂದ ಅಪರಾಧ ಸಣ್ಣದಾಯಿತು. ದಂಡ ತೆತ್ತು ಅವರು ಮದುವೆಯಾದರು. ಹುಟ್ಟಿದ ಗಂಡುಮಗುವಿಗೆ ಎಯ್ಯೋಲ್ಫುರ್ ಎಂದು ಹೆಸರಿಟ್ಟರು. ತೀರಿಹೋದ ಮೊದಲ ಗಂಡನ ಹೆಸರನ್ನು ಎರಡನೆಯ ಗಂಡನ ಚೊಚ್ಚಲ ಮಗುವಿಗೆ ಇಟ್ಟದ್ದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ, ಆಕೆಯ ಬಗ್ಗೆಯೂ ಇಪ್ಪತ್ಮೂರರ ಆ ಹುಡುಗನ ಬಗ್ಗೆಯೂ.

ಮುಂದಿನ ಏಳು ವರ್ಷ ಕಡುಬಡತನ. ಹಾಲ್‌ಗ್ರೀಮುರ್ ಡೇನಿಷ್ ವ್ಯಾಪಾರಿಗಳ ಬಳಿ ಕೂಲಿ ಮಾಡಿದ, ಮೀನು ಹಿಡಿದ. ಆತನಿಗೆ ಹಿಂದೆ ಶಾಲೆ ಸೇರಲು ನೆರವಾಗಿದ್ದ ಬ್ರಿನ್ಯೋಲ್ಫುರ್ ಸ್ವೇನ್ಸನ್ ಬಿಷಪ್ ಆದ ಮೇಲೆ, 1644ರಲ್ಲಿ, ಕ್ವಾಲ್ಸ್‌ನೆಸ್ ಎಂಬ ಕಡಲತಡಿಯ ಊರಿನ ಚರ್ಚಿಗೆ ಆತನನ್ನು ಪಾದ್ರಿಯಾಗಿ ನೇಮಿಸಿದರು. ಅಲ್ಲಿ ಹುಟ್ಟಿದ ಮಗಳು ಸ್ಟೇನುನ್ 1649ರಲ್ಲಿ ತೀರಿಕೊಂಡಳು, ಆಗ ಆಕೆಗೆ ನಾಲ್ಕು ವರ್ಷವೂ ತುಂಬಿರಲಿಲ್ಲ. ತಂದೆ ತನ್ನ ಕೈಯಿಂದಲೇ ಕಲ್ಲಿನಲ್ಲಿ ಆ ಹೆಸರನ್ನು ಕೆತ್ತಿದ. ಕಾಲಾಂತರದಲ್ಲಿ ಕಣ್ಮರೆಯಾಗಿದ್ದ ಆ ಕಲ್ಲು 1964ರಲ್ಲಿ ಸಿಕ್ಕಿತು. ಚರ್ಚಿನ ಮುಂದಿನ ಹಾಸುಗಲ್ಲುಗಳಲ್ಲಿ ಒಂದಾಗಿ ಜನರ ಕಾಲಡಿಯಲ್ಲಿತ್ತು. ಈಗ ಚರ್ಚಿನ ಒಳಗಿದೆ. ನಾನು ಅದನ್ನು ಬಗ್ಗಿ ನೋಡಿದೆ. ಒರಟು ಕಲ್ಲು, ಕಲ್ಲುಕುಟಿಗನದಲ್ಲದ ಕೈ, ಆದರೆ ಅಕ್ಷರಗಳನ್ನು ಆಳವಾಗಿ ಕೊರೆದಿದ್ದಾನೆ. ಪದ್ಧತಿಯಂತೆ ಮಗಳ ಹೆಸರಿನೊಂದಿಗೆ ಅಪ್ಪನ ಹೆಸರಿದೆ, ಅಮ್ಮನದಿಲ್ಲ.

1651ರಲ್ಲಿ ಅವರು ಇನ್ನೂ ಉತ್ತಮವಾದ ಸಾರ್ಬೈರ್ ಚರ್ಚಿಗೆ ಹೋದರು. ಹಾಲ್‌ಗ್ರೀಮುರ್ ಐಸ್‌ಲ್ಯಾಂಡಿನ ಅತಿ ದೊಡ್ಡ ಭಕ್ತಿಕವಿಯಾದದ್ದು ಅಲ್ಲಿಯೇ. ಯೇಸುವಿನ ಯಾತನೆಯನ್ನು ಕುರಿತ ಆತನ ಐವತ್ತು ಕೀರ್ತನೆಗಳು 1666ರಲ್ಲಿ ಅಚ್ಚಾದವು, ಅವುಗಳನ್ನು ಇಂದಿಗೂ ಈಸ್ಟರಿಗೆ ಮುಂಚಿನ ವಾರಗಳಲ್ಲಿ ಪ್ರತಿವರ್ಷ ರೇಡಿಯೊದಲ್ಲಿ ಓದುತ್ತಾರೆ. ರೇಕ್ಯಾವಿಕ್ ನಗರದ ನೆತ್ತಿಯ ಮೇಲಿರುವ ದೊಡ್ಡ ಚರ್ಚಿಗೆ ಆತನದೇ ಹೆಸರು. 1662ರಲ್ಲಿ ಆ ದಂಪತಿಗಳ ಮನೆ ಸುಟ್ಟುಹೋಯಿತು. ಆಮೇಲೆ ಹಾಲ್‌ಗ್ರೀಮುರನಿಗೆ ಕುಷ್ಠರೋಗ ಹತ್ತಿತು. ಕೊನೆಗೆ ಚರ್ಚಿನ ಕೆಲಸ ಬಿಟ್ಟು ಮಗ ಎಯ್ಯೋಲ್ಫುರನ ಆಶ್ರಯದಲ್ಲಿದ್ದು 1674ರಲ್ಲಿ ತೀರಿಕೊಂಡ. ಕೀರ್ತನೆ ಬರೆದವನ ಮನೆಯಲ್ಲಿ ಒಲೆ ಉರಿಸಿದವಳು, ಸುಟ್ಟ ಮನೆಯನ್ನು ಮತ್ತೆ ಹೂಡಿಕೊಂಡವಳು, ಬೆರಳು ಕೊಳೆಯುವ ರೋಗದಲ್ಲಿ ಬಿದ್ದವನ ಪಕ್ಕದಲ್ಲಿ ಇದ್ದವಳು ಗುದ್ರೀದುರ್. ಆಗ ಆಕೆಗೆ ಎಪ್ಪತ್ತು ದಾಟಿತ್ತು.

ಇಷ್ಟಾದರೂ ಜನರ ಬಾಯಲ್ಲಿ ಆಕೆಗೆ ಉಳಿದ ಹೆಸರು ತುರ್ಕರ ಗುದ್ದಾ ಎಂಬುದು. ಆಕೆ ಅಲ್ಜೀರ್ಸ್‌ನಿಂದ ವಿಗ್ರಹವೊಂದನ್ನು ಬಚ್ಚಿಟ್ಟು ತಂದಿದ್ದಳು, ಗಂಡ ಚರ್ಚಿನಲ್ಲಿದ್ದಾಗ ಮನೆಯಲ್ಲಿ ಅದನ್ನು ಪೂಜಿಸುತ್ತಿದ್ದಳು ಎಂಬ ಕಥೆ ಶತಮಾನಗಳ ಕಾಲ ಓಡಾಡಿತು. ಮುಸ್ಲಿಮರ ನಾಡಿನಿಂದ ವಿಗ್ರಹ ತರುವುದಾದರೂ ಹೇಗೆ ಎಂದು ಆ ಕಥೆ ಕಟ್ಟಿದವರಿಗೆ ಹೊಳೆಯಲಿಲ್ಲ. ಸಂತನಂತಹ ಕವಿಗೆ ಗಯ್ಯಾಳಿ ಹೆಂಡತಿಯೊಬ್ಬಳನ್ನು ಜೋಡಿಸುವ ಚಪಲ ಎಲ್ಲ ನಾಡುಗಳ ಕಥೆಗಾರರಿಗೂ ಇದ್ದಂತೆ ಕಾಣುತ್ತದೆ. ಆದುದರಿಂದ ಆಕೆಯ ಸ್ವಭಾವದ ಬಗ್ಗೆ ಅಂತರ್ಜಾಲದಲ್ಲಿ ಏನಾದರೂ ಓದಿದರೆ ಅದು ದಾಖಲೆಯಿಂದ ಬಂದದ್ದೋ ಜನಪದ ಕಥೆಯಿಂದ ಬಂದದ್ದೋ ಎಂದು ವಿಚಾರಿಸಿಕೊಳ್ಳಿ.

ನೀವು ಕುಸಿಯದೆ ನಿಂತ ಹೆಣ್ಣು ಎಂದು ಬರೆದಿದ್ದೀರಿ. ಆಕೆ ಕುಸಿಯಲೇ ಇಲ್ಲ ಎಂದು ಹೇಳುವ ಆಧಾರ ನನ್ನಲ್ಲಿಲ್ಲ, ಕುಸಿದದ್ದನ್ನು ಬರೆದಿಡುವವರು ಯಾರೂ ಇರಲಿಲ್ಲ. ನನಗೆ ಕಾಣುವುದು ಇಷ್ಟೇ: ಇದ್ದದ್ದೆಲ್ಲ ಕೈತಪ್ಪಿದ ಪ್ರತಿಸಲವೂ ಆಕೆ ಇನ್ನೊಂದು ಸಂಸಾರವನ್ನು ಮೊದಲಿನಿಂದ ಹೂಡಿದಳು, ಆ ಸಂಸಾರದಲ್ಲಿ ಹಿಂದಿನವರಿಗೂ ಜಾಗ ಇಟ್ಟಳು.

ಆಕೆ ಗಂಡ ತೀರಿಕೊಂಡ ಮೇಲೆ ಎಂಟು ವರ್ಷ ಬದುಕಿ, 1682ರ ಡಿಸೆಂಬರಿನಲ್ಲಿ ತೀರಿಕೊಂಡಳು. ಹೇಮಾಯೆಯಲ್ಲಿ ಮತ್ತೆ ಒಲೆ ಹೂಡಲಿಲ್ಲ. ಈಗ ಸ್ಟಾಕಗೆರ್ದಿಯ ಹುಲ್ಲುಬಯಲಿನಲ್ಲಿ ಆಕೆಯ ನೆನಪಿಗೆ ಒಂದು ಶಿಲ್ಪವಿದೆ. 1973ರ ಜನವರಿಯಲ್ಲಿ ದ್ವೀಪದ ಜ್ವಾಲಾಮುಖಿ ಸಿಡಿದು ಊರಿನ ಪೂರ್ವಭಾಗದ ಅನೇಕ ಮನೆಗಳು ಲಾವಾದಡಿ ಹೂತುಹೋದಾಗ ಈ ಬಯಲು ಉಳಿದುಕೊಂಡಿತು. ನಾನು ಹೋದ ದಿನ ಅಲ್ಲಿ ಶಾಲೆಯ ಮಕ್ಕಳು ಚೆಂಡಾಡುತ್ತಿದ್ದರು, ಚೆಂಡು ಒಮ್ಮೆ ಶಿಲ್ಪದ ಬುಡಕ್ಕೆ ಉರುಳಿಬಂತು, ಒಬ್ಬ ಹುಡುಗ ಬಂದು ಎತ್ತಿಕೊಂಡು ಹೋದ.