ಎಲ್ಲರೂ ಸೇರಿ ದಾನಕ್ಕೆ ಕೌದಿ ಹೊಲಿಯುತ್ತಿದ್ದೇವೆ, ಚೌಕಗಳ ಅಳತೆ ಒಂದೇ ಥರ ಬರುತ್ತಿಲ್ಲ. ಏನು ಮಾಡೋಣ?

ಹತ್ತು ಕೈ ಸೇರಿದರೆ ಹತ್ತು ಥರ ಹೊಲಿಗೆ ಬರುತ್ತದೆ. ದಯವಿಟ್ಟು ಯಾರದನ್ನೂ ಸುಮ್ನೆ ಬಿಚ್ಚಿಸಬೇಡಿ, ಹೊಸಬರ ಮನಸ್ಸು ಮುದುಡುತ್ತದೆ. ಪ್ರತಿ ಚೌಕದ ಸುತ್ತ ಒಂದೇ ಬಣ್ಣದ ಪಟ್ಟಿ ಕೂಡಿಸಿ, ಚಿಕ್ಕದಕ್ಕೆ ಅಗಲವಾದ ಪಟ್ಟಿ ಹಾಕಿ. ಆಮೇಲೆ ಎಲ್ಲವನ್ನೂ 12.5 ಇಂಚಿಗೆ ಕತ್ತರಿಸಿ. ಸುತ್ತಲೂ ಕಾಲು ಇಂಚು ಹೊಲಿಗೆಗೆ ಹೋಗಿ 12 ಇಂಚು ಉಳಿಯುತ್ತದೆ. ಬಣ್ಣ ಒಂದೇ ಆದ್ದರಿಂದ ವ್ಯತ್ಯಾಸ ಕಣ್ಣಿಗೆ ಬೀಳುವುದು ಕಡಿಮೆ.

ಮೂಲೆಗಳು ಸರಿಯಾಗಿ ಕೂಡದಿದ್ದರೂ ಬೆಚ್ಚಗಿನ ಹೊದಿಕೆಯೇ ಅಲ್ವಾ? ಆದರೆ ಹೊಲಿಗೆ ಗಟ್ಟಿಯಿರಬೇಕು. ತೀರಾ ಅಂಚಿಗೆ ಹೊಲಿದದ್ದು ನಾಲ್ಕು ಸಲ ಒಗೆದರೆ ಬಿಚ್ಚಿಕೊಳ್ಳುತ್ತದೆ. ಅಂಥದ್ದನ್ನು ಮಾತ್ರ ಒಳಗಿನಿಂದ ಮತ್ತೊಮ್ಮೆ ಹೊಲಿಯಿರಿ. ಕೊಡುವ ಮೊದಲು ಗುಂಡುಸೂಜಿ ಉಳಿದಿದೆಯಾ ಅಂತ ಪೂರ್ತಿ ಕೈಯಾಡಿಸಿ ನೋಡಿ.